ಅವತ್ತು ನಾನೂ ನಕ್ಕಿದ್ದೆ

ಪ್ರೀತಿಯ ಗೆಳೆಯಾ,

ಹೋದ ಭಾನುವಾರ ಮ್ಯಾಜಿಕ್ ಶೋಗೆ ಹೋಗಿದ್ದೆವು. ಈ ಮಾತು ಓದಿದ ಕೂಡಲೇ ನಿನ್ನ ಮುಖ ಹೇಗಾಗುತ್ತದೆ ಅಂತ ನನಗೆ ಗೊತ್ತು. ಆದರೂ ಪೂರ್ತಿ ಓದು.

ಬೆಳಗ್ಗೆ ಅಕ್ಕನ ಮಕ್ಕಳಿಗೆ ಕೋಟೆ ತೋರಿಸಿದೆ. ಓಬವ್ವನ ಕಿಂಡಿ ಹತ್ತಿರ ನನ್ನ ಮಗಳು ಒಂದು ಕೋಲು ಹಿಡಿದು, "ಯಾರು ಬರ್ತೀರೋ ಬನ್ನಿ" ಅಂತ ನಿಂತುಬಿಟ್ಟಳು. ಸಂಜೆ ತ.ರಾ.ಸು. ರಂಗಮಂದಿರದಲ್ಲಿ ಶೋ. ಬಂಡೆ ಹತ್ತಿ ಇಳಿದು ಸುಸ್ತಾಗಿದ್ದ ಪ್ರವಾಸಿಗರೇ ಜಾಸ್ತಿ.

ಜಾದೂಗಾರರು ಮೊದಲಿಗೆ ಒಂದು ಚೊಂಬು ತಂದರು. ನೀರನ್ನೆಲ್ಲ ಬಕೆಟ್ಟಿಗೆ ಸುರಿದು, ಬೋರಲು ಹಾಕಿ ಖಾಲಿ ಅಂತ ತೋರಿಸಿದರು. ಬೇರೆ ಒಂದು ಐಟಂ ಮುಗಿಸಿ ಬಂದು ಅದೇ ಚೊಂಬು ಬಗ್ಗಿಸಿದರೆ ಮತ್ತೆ ನೀರು! ಹೀಗೇ ಐದಾರು ಸಲ. ಕೊನೆಗೆ ಗುಟ್ಟನ್ನೂ ಹೇಳಿಬಿಟ್ಟರು. ಚೊಂಬಿನ ಒಳಗೆ ಇನ್ನೊಂದು ಗೋಡೆ, ಮೇಲೆ ಸಣ್ಣ ತೂತು. ತೂತನ್ನು ಬೆರಳಲ್ಲಿ ಮುಚ್ಚಿದರೆ ಗಾಳಿ ಒಳಗೆ ಹೋಗಲ್ಲ, ಹಾಗಾಗಿ ನೀರೂ ಹೊರಗೆ ಬರಲ್ಲ. "ಇದನ್ನೇ ಪವಾಡ ಅಂತ ಯಾರಾದರೂ ತೋರಿಸಿದರೆ ಮೊದಲು ಅವರ ಬೆರಳು ನೋಡಿ" ಅಂದರು. ನನಗೆ ಅಪ್ಪನ ನೆನಪಾಯಿತು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷೆ ಮಾಡುವುದಕ್ಕೇ ಸಮಿತಿ ಮಾಡಿದ್ದನ್ನು ಅಪ್ಪ ಎಷ್ಟು ಹೆಮ್ಮೆಯಿಂದ ಹೇಳುತ್ತಿದ್ದರು, ಅಲ್ವಾ?

ಹುಡುಗಿಯನ್ನು ಗರಗಸದಲ್ಲಿ ಕೊಯ್ಯುವ ಐಟಂ ಇತ್ತಾ ಅಂತ ಕೇಳ್ತೀಯ. ಇರಲಿಲ್ಲ, ಇಲ್ಲದ್ದೇ ಒಳ್ಳೆಯದಾಯಿತು. 1956ರಲ್ಲಿ ಪಿ.ಸಿ. ಸರ್ಕಾರ್ ಬಿಬಿಸಿ ಟಿವಿಯಲ್ಲಿ ಅದನ್ನು ಮಾಡುವಾಗ, ಹುಡುಗಿ ಎದ್ದು ನಿಲ್ಲುವ ಮೊದಲೇ ಕಾರ್ಯಕ್ರಮದ ಹೊತ್ತು ಮುಗಿಯಿತಂತೆ. ಅವಳು ಸತ್ತೇ ಹೋದಳು ಅಂತ ಗಾಬರಿಯಾಗಿ ಜನ ಫೋನಿನ ಮೇಲೆ ಫೋನು ಮಾಡಿದರಂತೆ. ದೊಡ್ಡವರೇ ಹಾಗೆ ಹೆದರಿದ ಮೇಲೆ ಮಕ್ಕಳ ಗತಿ?

ನಾನು ಬರೆಯಬೇಕು ಅಂತ ಕೂತಿದ್ದು ಇದಕ್ಕೆ. ಹಗ್ಗ ಕತ್ತರಿಸುವ ಐಟಮ್ಮಿಗೆ ಅವರು ಕೆಳಗಿಳಿದು ಬಂದು ನನ್ನ ಮಗಳನ್ನು ಸ್ಟೇಜಿಗೆ ಕರೆದರು. ಬೆಳಗ್ಗೆ ಓಬವ್ವನಾಗಿದ್ದವಳು ನನ್ನ ತೋಳಿಗೆ ಮುಖ ಒತ್ತಿ, ತಲೆ ಅಲ್ಲಾಡಿಸಿದಳು. ಹಿಂದಿನವರು "ಹೋಗು ಹೋಗು" ಅಂತ ಕೂಗಿದರು. ಜಾದೂಗಾರರು ಅವರಿಗೆ ಸುಮ್ಮನಿರಿ ಅಂತ ಕೈ ಮಾಡಿ, ಅವಳ ಮುಂದೆ ಮಂಡಿಯೂರಿ ಕೂತರು. ಮೈಕನ್ನು ಪಕ್ಕಕ್ಕೆ ಹಿಡಿದು ಮೆಲ್ಲಗೆ, "ಬರೋದು ಬೇಡಮ್ಮ. ಇಲ್ಲಿಂದಲೇ ಉಫ್ ಅಂತೀಯಾ?" ಅಂದರು. ಕತ್ತರಿಸಿದ ಎರಡು ತುದಿ ಅವರ ಮುಷ್ಟಿಯ ಮೇಲೆ ಕಾಣುತ್ತಿದ್ದವು. ಇವಳು ಊದಿದಳು. ಹಗ್ಗ ಎಳೆದರೆ ಒಂದೇ ಹಗ್ಗ! ಚಪ್ಪಾಳೆ ಬಿದ್ದಾಗ ಅವರು ಎದ್ದು ಪಕ್ಕಕ್ಕೆ ಸರಿದು, ಎರಡೂ ಕೈಯಲ್ಲಿ ಇವಳನ್ನು ತೋರಿಸಿದರು. ಜಾದೂ ಮಾಡಿದ್ದು ಇವಳೇ ಅನ್ನುವ ಹಾಗೆ.

ನನಗೆ ಗಂಟಲು ಕಟ್ಟಿತು ಕಣೋ. ಐದನೇ ಕ್ಲಾಸಲ್ಲಿ ನಮ್ಮ ಸ್ಕೂಲಿಗೆ ಬಂದಿದ್ದವನು ಬೇಡ ಬೇಡ ಅಂದರೂ ನಿನ್ನನ್ನು ಎಳೆದುಕೊಂಡು ಹೋಗಿ, ಚಡ್ಡಿ ಹಿಂದಿನಿಂದ ಮೊಟ್ಟೆ ತೆಗೆದ. ನೀನು ಅಳುತ್ತಿದ್ದರೂ ಇನ್ನೊಂದು ತೆಗೆದ. ಇಡೀ ಸ್ಕೂಲು ನಕ್ಕಿತು. ನಾನೂ ನಕ್ಕೆ. ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ನಿನ್ನನ್ನು ಮೊಟ್ಟೆ ಅಂತಲೇ ಕರೆದೆ. ನಿನಗೆ ನೋವಾಗುತ್ತದೆ ಅಂತ ಗೊತ್ತಿದ್ದೂ ಕರೆದೆ. ಇಷ್ಟು ವರ್ಷ ಇದರ ಬಗ್ಗೆ ಒಂದು ಮಾತೂ ಆಡಲಿಲ್ಲ. ತಪ್ಪಾಯಿತು, ಕ್ಷಮಿಸು.

ಶೋ ಮುಗಿದ ಮೇಲೆ ಅವರು ಮಗಳಿಗೆ ಆ ಹಗ್ಗ ಕೊಟ್ಟು, ಊದಿದರೆ ಮಾಯವಾಗುವ ಒಂದು ಜಾರುಗಂಟು ಹೇಳಿಕೊಟ್ಟರು. ಮಂಡಕ್ಕಿ ಮೆಣಸಿನಕಾಯಿ ತಿನ್ನುವಾಗಲೂ ಹಗ್ಗ ಕೈಬಿಡಲಿಲ್ಲ. ಈಗ ದಿನಾ ಅದೇ ಅಭ್ಯಾಸ. ಇನ್ನೂ ಸರಿಯಾಗಿ ಬರುತ್ತಿಲ್ಲ, ಒಮ್ಮೊಮ್ಮೆ ಗಂಟು ಬಿಗಿದುಕೊಳ್ಳುತ್ತದೆ. ಬಂದ ಮೇಲೆ ಮೊದಲು ದಾವಣಗೆರೆ ಮಾವನಿಗೇ ತೋರಿಸೋದಂತೆ. ನಿನ್ನೆ ರಾತ್ರಿ ಮಲಗುವಾಗ ಕೇಳಿದಳು: "ಮಾವ ಊದ್ತಾರಾ ಅಪ್ಪಾ?"

ಕೇಳಿ ಹೇಳ್ತೀನಿ ಅಂದಿದ್ದೇನೆ.

ನಿನ್ನ ಗೆಳೆಯ,
ಚಿತ್ರದುರ್ಗ