ನೈಟ್ ಡ್ಯೂಟಿಯವರ ಹಲ್ಲಿನ ವಿಷಯ

ಎರಡನೇ ವರ್ಷದ ಬಿಎಸ್ಸಿ ನರ್ಸಿಂಗ್‌ನವರ ಗಮನಕ್ಕೆ.

ಐಸಿಯು ಪೇಷಂಟ್‌ಗೆ ಓರಲ್ ಕೇರ್ ಚೆನ್ನಾಗಿ ಕೊಡ್ತೀರಿ, ನಿಮ್ಮ ಬಾಯಿ ಮಾತ್ರ ದೇವರಿಗೇ ಪ್ರೀತಿ! ರಾತ್ರಿಯಿಡೀ ಸಕ್ಕರೆ ಟೀ, ಬಿಸ್ಕತ್ತು. ಬೆಳಿಗ್ಗೆ ರೂಮಿಗೆ ಬಂದು ಹಾಗೇ ಮಲಗೋದು. ಹುಳುಕು ಹಿಡಿಯೋದು ಹೀಗೇ. ಸಕ್ಕರೆ ಎಷ್ಟು ತಿಂದ್ರಿ ಅನ್ನೋದಕ್ಕಿಂತ ಎಷ್ಟು ಸಲ ತಿಂದ್ರಿ ಅನ್ನೋದೇ ಮುಖ್ಯ. ಹಲ್ಲು ಕಾಯೋ ಜೊಲ್ಲೂ ನಿದ್ದೆಯಲ್ಲಿ ಕಡಿಮೆ.

ಮಲಗೋ ಮುಂಚೆ, ಬೆಳಿಗ್ಗೆ ಒಂಬತ್ತಾಗಿದ್ರೂ ಸರಿ, 2 ನಿಮಿಷ ಬ್ರಷ್ ಮಾಡಿ. ಪೇಸ್ಟ್‌ನಲ್ಲಿ ಫ್ಲೋರೈಡ್ 1000 ಪಿಪಿಎಂ ಹತ್ತಿರ ಇರಲಿ. ನೊರೆ ಉಗಿದರೆ ಸಾಕು, ನೀರಲ್ಲಿ ಮುಕ್ಕಳಿಸಬೇಡಿ.

ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ (ಬಾಯಿ ಮುಕ್ಕಳಿಸೋ ಔಷಧಿ) ದಿನಾ ಬಳಸೋರೂ ಇದ್ದೀರಂತೆ. ವಾರಗಟ್ಟಲೆ ಬಳಸಿದ್ರೆ ಹಲ್ಲು ಕಂದಾಗುತ್ತೆ, ನಾಲಿಗೆಗೆ ರುಚಿಯೂ ಕೆಡುತ್ತೆ.

ವಸಡಲ್ಲಿ ರಕ್ತ ಬರ್ತಿದ್ರೆ ಬ್ರಷ್ ಬಿಡಬೇಡಿ, ಡೆಂಟಲ್ ಓಪಿಡಿಗೆ ಹೋಗಿ ತೋರಿಸಿ.