‘ಸತ್ಯಕಥೆ’ ಎಂದು ಅಚ್ಚಾಗುವ ಮುನ್ನ

ಮಾನ್ಯ ಸಂಪಾದಕರೇ,

ಸೆರೆಯಿಂದ ತಪ್ಪಿಸಿಕೊಂಡವರ ಕುರಿತ ಚಲನಚಿತ್ರಗಳ ಬಗ್ಗೆ ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವು ಪೀಟರ್ ವಿಯರ್ ನಿರ್ದೇಶನದ ‘ದಿ ವೇ ಬ್ಯಾಕ್’ (2010) ಚಿತ್ರವನ್ನು ಸತ್ಯಕಥೆಯೆಂದೇ ಪರಿಚಯಿಸಿದೆ. ಚಿತ್ರವನ್ನು ಹೊಗಳಿರುವುದಕ್ಕೆ ನನ್ನ ತಕರಾರಿಲ್ಲ. ಸತ್ಯಕಥೆ ಎಂಬ ಮಾತಿಗೆ ಇದೆ.

ಸೈಬೀರಿಯಾದ ಸೋವಿಯತ್ ಸೆರೆಶಿಬಿರದಿಂದ ಹಿಮಗಾಳಿಯ ರಾತ್ರಿ ಹೊರಬಿದ್ದ ಕೈದಿಗಳು ಮಂಗೋಲಿಯಾ, ಗೋಬಿ ಮರುಭೂಮಿ, ಟಿಬೆಟ್‌ಗಳನ್ನು ನಡೆದೇ ದಾಟಿ, ಅಳಿದುಳಿದವರು ಭಾರತ ತಲುಪುವ ಕಥೆಯಿದು. ಇದರ ಮೂಲ, ಪೋಲೆಂಡಿನ ಸೈನಿಕ ಸ್ಲಾವೊಮಿರ್ ರಾವಿಚ್ ಹೆಸರಿನಲ್ಲಿ 1956ರಲ್ಲಿ ಪ್ರಕಟವಾದ ‘ದಿ ಲಾಂಗ್ ವಾಕ್’. ಗೋಬಿಯಲ್ಲಿ ಹತ್ತಕ್ಕೂ ಹೆಚ್ಚು ದಿನ ನೀರಿಲ್ಲದೆ ನಡೆದದ್ದು, ಹಿಮಾಲಯದಲ್ಲಿ ಯೇತಿಯಂತಹ ಎರಡು ಪ್ರಾಣಿಗಳನ್ನು ಕಂಡದ್ದು ಇತ್ಯಾದಿ ಅದರಲ್ಲಿದ್ದುದರಿಂದ ಪರ್ವತಾರೋಹಿ ಎರಿಕ್ ಶಿಪ್ಟನ್ ಅವರಂತಹ ಬಲ್ಲವರು ಆಗಲೇ ಅನುಮಾನಪಟ್ಟಿದ್ದರು. 2006ರಲ್ಲಿ ಬಿಬಿಸಿ ಬಯಲಿಗೆ ತಂದ ದಾಖಲೆಗಳು, ಅವುಗಳಲ್ಲಿ ರಾವಿಚ್ ಅವರ ಕೈಬರಹವೂ ಇತ್ತು, ಅವರು ಕ್ಷಮಾದಾನದ ಮೇಲೆ ಬಿಡುಗಡೆಗೊಂಡು 1942ರಲ್ಲಿ ಕ್ಯಾಸ್ಪಿಯನ್ ಸಮುದ್ರ ದಾಟಿ ಇರಾನಿನ ನಿರಾಶ್ರಿತರ ಶಿಬಿರ ಸೇರಿದ್ದರೆಂದು ತಿಳಿಸಿದವು. ಆ ನಡಿಗೆ ತನ್ನದೆಂದು ವಿಟೋಲ್ಡ್ ಗ್ಲಿನ್‌ಸ್ಕಿ ಎಂಬ ಮತ್ತೊಬ್ಬ ಪೋಲಿಷ್ ಹಿರಿಯರು ಆಮೇಲೆ ಹೇಳಿಕೊಂಡರಾದರೂ ಅದಕ್ಕೂ ಗಟ್ಟಿ ಪುರಾವೆ ಒದಗಲಿಲ್ಲ.

ಇಷ್ಟರಿಂದ ಚಿತ್ರವೇನೂ ಹಗುರಾಗುವುದಿಲ್ಲ. ಕೊರೆಯುವ ಗಾಳಿಗೆ ಮರದ ತೊಗಟೆ ಸುಲಿದು ಮುಖಕ್ಕೆ ಕಟ್ಟಿಕೊಳ್ಳುವುದು, ತೋಳಗಳನ್ನು ಅಟ್ಟಿ ಅವು ಬಿಟ್ಟ ಹಸಿಮಾಂಸಕ್ಕೆ ತಾವೇ ಮುಗಿಬೀಳುವುದು, ಬಾತ ಕಾಲುಗಳನ್ನೆಳೆಯುತ್ತ ಬಂದ ಹುಡುಗಿ ಮರಳಿನಲ್ಲಿ ಕುಸಿಯುವುದು, ಇವನ್ನೆಲ್ಲ ವಿಯರ್ ಅಬ್ಬರವಿಲ್ಲದೆ ತೋರಿಸಿದ್ದಾರೆ. ಇಲ್ಲಿ ನಿಸರ್ಗವೇ ನಿಮ್ಮ ಕಾವಲುಗಾರ ಎಂಬರ್ಥದಲ್ಲಿ ಶಿಬಿರದ ಅಧಿಕಾರಿ ಆಡುವ ಮಾತು ಮಲೆನಾಡಿನವರಿಗೆ ಬೇಗ ತಾಗುತ್ತದೆ. ಆಗುಂಬೆಯ ಕಾಡಿನಲ್ಲಿ ದಾರಿ ತಪ್ಪಿದವನು ಸಿಕ್ಕ ಹಳ್ಳವನ್ನೇ ಹಿಡಿದು ಇಳಿದನೆನ್ನಿ. ಅದು ಮೂಡಣಕ್ಕೆ ಹರಿಯುವ ಹಳ್ಳವಾದರೆ ಯಾರದೋ ಗದ್ದೆಯೋ ಅಡಿಕೆ ತೋಟವೋ ಸಿಕ್ಕೀತು, ಪಡುವಣಕ್ಕೆ ಹರಿಯುವುದಾದರೆ ಬರ್ಕಣದಂತಹ ಜಲಪಾತದ ನೆತ್ತಿಗೇ ಒಯ್ದು ನಿಲ್ಲಿಸೀತು. ಹಿಮಾಲಯವನ್ನು ಮಾತ್ರ ಚಿತ್ರ ನಮ್ಮ ಬಸ್ಸುಗಳು ಘಟ್ಟ ಇಳಿಯುವುದಕ್ಕಿಂತ ಬೇಗ ದಾಟಿಸಿಬಿಡುತ್ತದೆ.

ನನ್ನ ಆಕ್ಷೇಪಕ್ಕೆ ಕಾರಣ ಬೇರೆ. 1940–41ರಲ್ಲಿ ಲಕ್ಷಾಂತರ ಪೋಲಿಷ್ ನಾಗರಿಕರನ್ನು ಸೋವಿಯತ್ ಸರ್ಕಾರ ಸೈಬೀರಿಯಾ, ಕಜಕಸ್ತಾನಗಳಿಗೆ ಸಾಗಿಸಿತ್ತು. ಹಿಟ್ಲರ್ ಸೋವಿಯತ್ ಒಕ್ಕೂಟದ ಮೇಲೆರಗಿದ ಬಳಿಕ, ಪೋಲೆಂಡ್ ಸರ್ಕಾರದೊಂದಿಗೆ ಅದು ಮಾಡಿಕೊಂಡ 1941ರ ಜುಲೈ ಒಪ್ಪಂದದಿಂದಾಗಿ ಅವರಲ್ಲಿ ಬಹಳಷ್ಟು ಮಂದಿ ಬಿಡುಗಡೆಗೊಂಡು, ಹಸಿವು ಮತ್ತು ಟೈಫಸ್ ಜ್ವರದಿಂದ ದಾರಿಯುದ್ದಕ್ಕೂ ಸಾಯುತ್ತಲೇ ದಕ್ಷಿಣದತ್ತ ಹೊರಟರು. ಹಾಗೆ ಬಂದ ಅನಾಥ ಮಕ್ಕಳ ಮೊದಲ ತಂಡಗಳನ್ನು ತುರ್ಕ್‌ಮೆನಿಸ್ತಾನದ ಅಶ್ಗಾಬಾದಿನಿಂದ ಇರಾನ್ ಮಾರ್ಗವಾಗಿ ಲಾರಿಗಳಲ್ಲಿ ಭಾರತಕ್ಕೆ ಕರೆತರಲಾಯಿತು. ನವಾನಗರದ ಮಹಾರಾಜ ದಿಗ್ವಿಜಯಸಿಂಹಜಿ ಅವರು ಜಾಮನಗರದ ಬಳಿಯ ಬಾಲಾಚಡಿಯಲ್ಲಿ ಮಕ್ಕಳಿಗೆ ನೆಲೆ ಕೊಟ್ಟರು. ಇನ್ನು ನಿಪ್ಪಾಣಿ ದಾಟಿದರೆ ಸಿಗುವ ಕೊಲ್ಹಾಪುರದ ಪಕ್ಕದ ವಳಿವಡೆಯಲ್ಲಿ 1943ರಿಂದ ಯುದ್ಧ ಮುಗಿದು ಕೆಲ ವರ್ಷಗಳವರೆಗೆ ಸುಮಾರು 5,000 ಪೋಲಿಷ್ ನಿರಾಶ್ರಿತರು, ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು, ಶಾಲೆ, ಚರ್ಚು, ಆಸ್ಪತ್ರೆಗಳನ್ನು ಕಟ್ಟಿಕೊಂಡು ಬದುಕಿದರು. ಸೈಬೀರಿಯಾದಿಂದ ಭಾರತಕ್ಕೆ ಬಂದವರ ದಾಖಲೆಯಿರುವ ಕಥೆ ಇದು. ಪುರಾವೆಯಿಲ್ಲದ ನಡಿಗೆಯನ್ನು ನಿಜವೆಂದು ನಂಬಿದ ಓದುಗ ಇದನ್ನು ಹುಡುಕಲು ಹೋಗುವುದೇ ಇಲ್ಲ.

ಆದ್ದರಿಂದ ಮುಂದಿನ ಪುರವಣಿಯಲ್ಲಿ ಒಂದು ಸ್ಪಷ್ಟೀಕರಣ ಪ್ರಕಟಿಸಬೇಕೆಂದೂ, ಸಾಧ್ಯವಾದರೆ ನಿಮ್ಮ ಬೆಳಗಾವಿಯ ವರದಿಗಾರರನ್ನು ವಳಿವಡೆಗೆ ಕಳುಹಿಸಿ ಅಲ್ಲಿ ಏನು ಉಳಿದಿದೆಯೆಂದು ಬರೆಸಬೇಕೆಂದೂ ಕೋರುತ್ತೇನೆ.

ಇಂತಿ,
ಓರ್ವ ಓದುಗ
ತೀರ್ಥಹಳ್ಳಿ, ಶಿವಮೊಗ್ಗ ಜಿಲ್ಲೆ