ಚೀಸ್ ಒತ್ತುವ ಸಾಧನ ಮನೆಯಲ್ಲೇ ಸಾಧ್ಯ

ಮಾನ್ಯ ಸಂಪಾದಕರೇ,

ಮನೆಯಲ್ಲಿ ಚೀಸ್ ತಯಾರಿಸುವವರು ಅದನ್ನು ಒತ್ತುವ ಸಾಧನವನ್ನು ದುಬಾರಿ ಬೆಲೆಗೆ ತರಿಸಬೇಕಿಲ್ಲ. ಸನ್ನೆಕೋಲಿನ ತತ್ವ ತಿಳಿಸಿದರೆ ಊರಿನ ಬಡಗಿಯೇ ಮಾಡಿಕೊಡಬಲ್ಲರು. ಕೋಲಿನ ಒಂದು ತುದಿಯನ್ನು ಗೂಟಕ್ಕೆ ಸಿಕ್ಕಿಸಿ, ಅಲ್ಲಿಂದ 20 ಸೆಂ.ಮೀ. ದೂರದಲ್ಲಿ, ಬಟ್ಟೆ ಸುತ್ತಿದ ಒಡೆದ ಹಾಲಿನ ಗಡ್ಡೆಯಿರುವ ಅಚ್ಚನ್ನು ಕೋಲಿನಡಿ ಇಟ್ಟು, ಗೂಟದಿಂದ 80 ಸೆಂ.ಮೀ. ದೂರದಲ್ಲಿ 5 ಕೆ.ಜಿ. ತೂಕದ ನೀರಿನ ಕ್ಯಾನ್ ತೂಗುಹಾಕಿದರೆ, ಅಚ್ಚಿನ ಮೇಲೆ ಸುಮಾರು 20 ಕೆ.ಜಿ. ಭಾರ ಬೀಳುತ್ತದೆ. ಆದರೆ ಮೊದಲೇ ಪೂರ್ಣ ಭಾರ ಹೇರಿದರೆ ಗಡ್ಡೆಯ ಹೊರಮೈ ಬೇಗ ಮುಚ್ಚಿಕೊಂಡು ಹಾಲಿನ ನೀರು ಒಳಗೇ ಉಳಿಯುವುದರಿಂದ, ಹಗುರ ತೂಕದಿಂದ ಆರಂಭಿಸಿ, ಆಗಾಗ ಬಟ್ಟೆ ಬಿಚ್ಚಿ ಮಗುಚುತ್ತಾ ಕ್ರಮೇಣ ಹೆಚ್ಚಿಸಬೇಕು. ನನ್ನ ಮೊದಲ ಗಡ್ಡೆ ಹುಳಿಯಾಗಿ ಹಾಳಾದದ್ದು ಈ ಆತುರದಿಂದಲೇ. ಬಣ್ಣ (ಪೇಂಟ್) ತುಂಬಿದ್ದ ಹಳೆಯ ಡಬ್ಬಕ್ಕೆ ತೂತು ಕೊರೆದು ಅಚ್ಚು ಮಾಡುವುದಂತೂ ಖಂಡಿತ ಕೂಡದು; ಸ್ಟೀಲ್ ಡಬ್ಬಿಯೇ ಇರಲಿ. ತಮ್ಮ ಕೃಷಿ ಪುಟದಲ್ಲಿ ಇಂಥ ಸಾಧನದ ಅಳತೆಸಹಿತ ಚಿತ್ರ ಪ್ರಕಟಿಸಬೇಕೆಂದು ಕೋರುತ್ತೇನೆ.

– ಹೈನುಗಾರ ಓದುಗ, ಶಿರಸಿ